ಯೂರೋಪಿಗೆ ಹೊರಟ ರೇಷ್ಮೆ ಸೋಪು

ಸೋಪು ಮಾಡುವುದು ಸುಲಭ. ಅದನ್ನು ಸೋಪು ಎಂದು ಯೂರೋಪಿನವರಿಗೆ ಒಪ್ಪಿಸುವುದಿದೆಯಲ್ಲ, ಅದರಲ್ಲಿ ದಿನಕ್ಕೊಂದು ಫಜೀತಿ ಆಗದಿದ್ದರೆ ಏನೋ ಮರೆತಿದ್ದೇವೆ ಅನ್ನಿಸುತ್ತದೆ. ರಾಮನಗರ–ಮಾಗಡಿ ರಸ್ತೆಯಲ್ಲಿ ನಮ್ಮ ಸಣ್ಣ ಕಾರ್ಖಾನೆ. ರೇಷ್ಮೆಯ ಅಂಟಿನಿಂದ ತೆಗೆದ ಸತ್ವ ಹಾಕಿ ಸೋಪು, ಕ್ರೀಮು ಮಾಡುತ್ತೇವೆ. ನಾನು ಅಲ್ಲಿನ ಕೆಮಿಸ್ಟು. ಸೋಪಿಗಿಂತ ಕಾಗದ ಕಲಸಿದ್ದೇ ಹೆಚ್ಚು. ಇಲ್ಲಿನ ವ್ಯಾಪಾರ ಬಿದ್ದುಹೋಗಿತ್ತು. ಯೂರೋಪಿನ ಒಂದು ಕಂಪನಿ ಆರ್ಡರು ಕೊಡಲು ಮುಂದೆ ಬಂದಿತ್ತು. ಅಲ್ಲಿನ ಕಾನೂನಿಗೆ ಪಾಸಾದರೆ ಸರಿ, ಇಲ್ಲದಿದ್ದರೆ ನಾನೂ ಸೇರಿ ಹದಿನೆಂಟು ಜನ ಮನೆಗೆ. ಇಷ್ಟೆಲ್ಲ ಗೊತ್ತಿದ್ದೂ ನಮ್ಮವರು ಮಾಡಿದ್ದನ್ನು ಕೇಳಿ.

ಹೊಣೆ ಹೊತ್ತವರು

ಡಬ್ಬಿಯ ಮೇಲೆ ಒಬ್ಬ ಹೊಣೆಗಾರನ ಹೆಸರು, ವಿಳಾಸ ಇರಬೇಕೆಂದು ಫೋನಿನಲ್ಲಿ ಕಾರ್ಖಾನೆಯ ಯಜಮಾನರಿಗೆ ಹೇಳಿದ್ದೆ. ಅವರು ಅರ್ಧ ಕೇಳಿಸಿಕೊಂಡು ಚನ್ನಪಟ್ಟಣದ ಪ್ರೆಸ್ಸಿಗೆ ಓಡಿದರು. ಪ್ರೂಫು ಬಂದಾಗ ಮದುವೆ ಕರೆಯೋಲೆ ಎಂದುಕೊಂಡೆ. ಮೇಲೆ ಯಜಮಾನರು, ಆಮೇಲೆ ಅವರ ಅಣ್ಣ, ಕನಕಪುರದ ಭಾವ, ಪಂಚಾಯ್ತಿಯ ಮಾಜಿ ಅಧ್ಯಕ್ಷರು. ಕೊನೆಗೆ ‘ಹಾಗೂ ಬಂಧುಮಿತ್ರರು’. ಸೋಪಿಗೆ ಏನೇನು ಹಾಕಿದ್ದೇವೆ ಎಂಬ ಪಟ್ಟಿಗೆ ಮಾತ್ರ ಜಾಗ ಸಾಲದೆ ಬಿಟ್ಟಿದ್ದರು.

“ಅಣ್ಣಾ, ಒಬ್ಬರ ಹೆಸರು ಸಾಕು. ಅದೂ ಯೂರೋಪಲ್ಲೇ ವಾಸ ಇರೋರದ್ದು,” ಎಂದೆ ಯಜಮಾನರಿಗೆ.

“ಒಬ್ಬಂದೇ ಹಾಕುದ್ರೆ ಮಿಕ್ಕೋರು ಸುಮ್ನಿರ್ತಾರಾ? ಭಾವ ನಮ್ಮ ಮನೆ ಹೊಸ್ಲು ತುಳ್ಯಾಕಿಲ್ಲ ಕಣಪ್ಪ.”

“ಯಾರಿಗಾದ್ರೂ ಚರ್ಮ ಕೆಟ್ರೆ ಈ ಹೆಸರಿನೋರನ್ನೇ ಕೋರ್ಟಿಗೆ ಎಳೀತಾರೆ.”

ಯಜಮಾನರು ಗಲ್ಲ ಕೆರೆದುಕೊಂಡರು. “ಹಂಗಾದ್ರೆ ನನ್ನೆಸ್ರು ತೆಗ್ದುಬುಡು. ಭಾವಂದು ಇರ್ಲಿ.”

ಸೋಲೂರಿನ ಹಸು

ಯೂರೋಪಿನ ಕಂಪನಿ ಕಳಿಸಿದ ಅರ್ಜಿಯಲ್ಲಿ ಒಂದು ಪ್ರಶ್ನೆ: ಕ್ರೀಮನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದ್ದೀರಾ? ನಾನು ರಜೆಯಲ್ಲಿದ್ದ ದಿನ ಯಜಮಾನರು ದೊಡ್ಡ ಅಕ್ಷರದಲ್ಲಿ ‘ಹೌದು’ ಎಂದು ಬರೆದು, ಸೋಲೂರಿನ ತಮ್ಮ ನೆಂಟರ ಹಸುವಿನ ಫೋಟೋ ಬೇರೆ ಅಂಟಿಸಿದ್ದರು. ಒಡೆದ ಕೆಚ್ಚಲಿಗೆ ನಮ್ಮ ಕ್ರೀಮು ಹಚ್ಚಿದ್ದು, ಮೂರು ದಿನದಲ್ಲಿ ವಾಸಿಯಾಗಿದ್ದು, ಹಾಲು ಅರ್ಧ ಲೀಟರು ಹೆಚ್ಚಿದ್ದು, ಎಲ್ಲ ವಿವರವಾಗಿತ್ತು.

ನಾನು ತಲೆ ಮೇಲೆ ಕೈ ಹೊತ್ತೆ. “ಪ್ರಾಣಿ ಮೇಲೆ ಪರೀಕ್ಷೆ ಮಾಡಿದ್ರೆ ಅಲ್ಲಿ ಮಾರೋ ಹಂಗೇ ಇಲ್ಲ ಅಣ್ಣಾ! ಮನುಷ್ಯರ ಚರ್ಮದ ಮೇಲೆ ಹಚ್ಚಿ ನೋಡಬಹುದು, ಒಪ್ಪಿಗೆ ತಗೊಂಡು.”

ಅವರಿಗೆ ರೇಗಿತು. “ಹಸೀಗೆ ಹಚ್ಚಂಗಿಲ್ಲ, ಹೆಂಡ್ರಿಗೆ ಹಚ್ಬೋದು! ಒಳ್ಳೆ ಕಾನೂನು ಕಣಪ್ಪ.”

ಬೀರುವಿನ ಸೋಪು

ಪ್ರತಿ ಸಲ ಸೋಪು ಮಾಡಿದಾಗಲೂ ಹನ್ನೆರಡು ಬಿಲ್ಲೆ ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ನಾಳೆ ದೂರು ಬಂದರೆ ಅದನ್ನೇ ತೆಗೆದು ಪರೀಕ್ಷಿಸುವುದು. ಜೊತೆಗೆ ಬಳಸಿದವರ ದೂರಿಗೊಂದು ರಿಜಿಸ್ಟರು. ಅದರಲ್ಲಿ ನಾನು ತಿಂಗಳು ತಿಂಗಳೂ ಮುದ್ದಾಗಿ ‘ದೂರು ಇಲ್ಲ’ ಎಂದು ಬರೆದಿದ್ದೆ. ಯಾರನ್ನೂ ಕೇಳಿರಲಿಲ್ಲ, ಅಷ್ಟೆ.

ಯೂರೋಪಿನ ಆ ಕಂಪನಿಯಿಂದ ತಪಾಸಣೆಗೆಂದು ಒಬ್ಬ ಹೆಂಗಸು ದುಭಾಷಿಯ ಜೊತೆ ಬಂದೇಬಿಟ್ಟಳು. ರಿಜಿಸ್ಟರು ತಿರುವಿ, “ಒಂದೂ ದೂರಿಲ್ಲವೇ?” ಎಂದು ಹುಬ್ಬೇರಿಸಿ ಕೆಂಪು ಗುರುತು ಹಾಕಿದಳು. ಆಮೇಲೆ ಬೀರು. ಬಾಗಿಲು ತೆಗೆದರೆ ಕಳೆದ ಸಲದ ಹನ್ನೆರಡರಲ್ಲಿ ಉಳಿದಿದ್ದು ಒಂದು. ನನ್ನ ಕೆಲಸ ಹೋಯಿತು ಎಂದುಕೊಂಡೆ.

ಪಕ್ಕದಲ್ಲೇ ಯಜಮಾನರ ಮನೆ. ಬೀಗದ ಕೈ ದಿನಾ ಅಲ್ಲಿನ ಮೊಳೆಗೇ ನೇತುಹಾಕುತ್ತಿದ್ದೆ. ಕಾಫಿ ತಂದ ಅವರ ತಾಯಿ ಬೀರುವಿನೊಳಗೆ ಇಣುಕಿ, “ಅವಾ? ನಾನೇ ಕೊಟ್ಟೆ. ಅರಿಶಿನ ಕುಂಕುಮಕ್ಕೆ ಬಂದ ಹೆಣ್ಮಕ್ಳನ್ನ ಬರಿಗೈಲಿ ಕಳ್ಸಕಾಯ್ತದಾ?” ಎಂದರು.

“ಯಾರು ಯಾರಿಗೆ?” ಎಂದು ತಪಾಸಣೆಯವಳು ದುಭಾಷಿಯಿಂದ ಕೇಳಿಸಿದಳು.

ಅಜ್ಜಿ ಬೆರಳು ಮಡಿಚತೊಡಗಿದರು. “ಕೂಟಗಲ್ ನಾದ್ನಿಗೆ ಎಲ್ಡು. ಅವ್ಳ ಮೊಮ್ಮಗೀಗೆ ಕತ್ತೆಲ್ಲ ಗಂಧೆ ಎದ್ವು. ನಿಲ್ಲುಸ್ಬುಡು ಅಂದೆ, ಮೂರ್ದಿನಕ್ಕೆ ಇಳುದ್ವು. ಕಬ್ಬಾಳಿನೋಳ್ಗೆ ಒಂದು, ಏನೂ ಆಗ್ನಿಲ್ಲ. ಚನ್ನಪಟ್ಣದ ಬೀಗ್ತಿಗೆ ಒಂದು, ಮೊಕ ಉರೀತೈತೆ ಅಂತ ಒಂದ್ವಾರ ಫೋನ್ ಮಾಡುದ್ಲು. ಆವಮ್ಮಂಗೆ ನಮ್ಮನ್ ಕಂಡ್ರೂ ಉರಿ ಅನ್ನಿ.”

ಯಜಮಾನರು ಹಿಂದಿನಿಂದ ಎರಡೂ ಕೈ ಬೀಸಿ ಸುಮ್ಮನಿರೆಂದು ಸನ್ನೆ ಮಾಡಿದರು.

“ಏನ್ಲಾ, ಸೊಳ್ಳೆ ಕಚ್ತಾ?” ಎಂದು ಗದರಿದ ಅಜ್ಜಿ ಹನ್ನೊಂದು ಬಿಲ್ಲೆಯ ಕತೆಯನ್ನೂ ಮುಗಿಸಿಯೇ ನಿಲ್ಲಿಸಿದ್ದು. ತಪಾಸಣೆಯವಳು ನಾಲ್ಕು ಪುಟ ಬರೆದುಕೊಂಡಳು.

ಎರಡು ವಾರಕ್ಕೆ ವರದಿ ಬಂತು. ಪಾಸು! ಹದಿನೆಂಟು ಜನವೂ ಕುಣಿದಾಡಿದೆವು. ಬೀರುವಿಗೆ ಹೊಸ ಬೀಗ ಹಾಕಿ, ಬೀಗದ ಕೈ ಕಾರ್ಖಾನೆಯಲ್ಲೇ ಇಡಿ ಎಂದಿದ್ದರು. ಕೆಳಗೊಂದು ಷರತ್ತು: ಬಳಸಿದವರನ್ನು ನಿಜವಾಗಿ ವಿಚಾರಿಸುವವರು ಈ ಕಾರ್ಖಾನೆಯಲ್ಲಿ ಒಬ್ಬರೇ. ಇನ್ನು ಮುಂದೆ ದೂರುಗಳನ್ನು ಅವರೇ ಹೇಳಬೇಕು, ಕೆಮಿಸ್ಟು ಬರೆದುಕೊಳ್ಳಬೇಕು, ಪ್ರತಿ ಪುಟಕ್ಕೂ ಅವರ ಒಪ್ಪಿಗೆ ಬೇಕು.

ಹೀಗೆ ಎಂಎಸ್ಸಿ ಓದಿದ ನಾನು ಜಗಲಿಯ ಮೇಲೆ ರಿಜಿಸ್ಟರು ಹಿಡಿದು ಕೂತೆ. ಅಜ್ಜಿ ನನ್ನ ಸಹಿಯ ಮೇಲೆ ಹೆಬ್ಬೆಟ್ಟು ಒತ್ತಿದರು. ಎದ್ದು ಹೋಗಿ ನಮ್ಮದೇ ಸೋಪಿನಲ್ಲಿ ಕೈ ತೊಳೆದು ಬಂದರು. ಬೆರಳನ್ನು ಬೆಳಕಿಗೆ ಹಿಡಿದು ನೋಡಿ ಅಂದರು:

“ಈ ಇಂಕು ಹೋಗ್ನಿಲ್ಲ ಕಣಪ್ಪ. ಬರ್ಕೊ.”