ಅರಿಶಿನ ಕುಂಕುಮದ ಪೈಪುಗಳು

ಇಪ್ಪತ್ತೆರಡು ವರ್ಷಗಳಿಂದ ಪಿಯು ಕಾಲೇಜಿನಲ್ಲಿ ಒತ್ತಡ, ನಿರ್ವಾತ ಎಂದು ಭೌತಶಾಸ್ತ್ರ ಹೇಳಿಕೊಂಡು ಬಂದಿರುವ ನನಗೆ, ಕಾರಿನ ನಾಲ್ಕು ಪೈಪು ಬಿಚ್ಚಿ ಒರೆಸಿ ಮತ್ತೆ ಸಿಕ್ಕಿಸುವುದು ಕಷ್ಟವೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಯಾರೂ ಹೇಳಲಿಲ್ಲ. ಹೆಂಡತಿ ಸುಜಾತ ಏನೋ ಹೇಳಲು ಬಾಯಿ ತೆರೆದಿದ್ದಳು, ನಾನು ಅವಕಾಶ ಕೊಡಲಿಲ್ಲ.

ನಮ್ಮದು ಹಳೆಯ ಟರ್ಬೊ ಡೀಸೆಲ್ ಕಾರು. ಮಗಳು ಹುಟ್ಟಿದಾಗ ಅವಳನ್ನು ಆಸ್ಪತ್ರೆಯಿಂದ ವಿದ್ಯಾರಣ್ಯಪುರದ ಮನೆಗೆ ತಂದದ್ದು ಅದರಲ್ಲೇ. ಅದನ್ನು ಮಾರುವ ಮಾತು ಬಂದರೆ ನಾನು ಮಾತು ಬದಲಿಸುತ್ತೇನೆ. ಆದರೆ ಬೇಸಿಗೆಯಲ್ಲಿ ಅದು ಮೂರು ಸಲ ನಡುರಸ್ತೆಯಲ್ಲಿ ನಿಂತ ಮೇಲೆ ಸುಜಾತಳ ತಮ್ಮ ಮುನಿರಾಜು ಗಿರಾಕಿಯನ್ನೇ ಹುಡುಕಿಬಿಟ್ಟ. ಕೆಂಪಾಪುರದಲ್ಲಿ ಸ್ವಂತ ಗೂಡ್ಸ್ ಗಾಡಿ ಇಟ್ಟುಕೊಂಡಿರುವ ಅವನಿಗೂ ನನಗೂ ಒಂದು ಒಪ್ಪಂದವಾಯಿತು. ಆಯುಧಪೂಜೆಯ ದಿನ ಅವನ ಮನೆಗೆ ಊಟಕ್ಕೆ ಹೋಗುವಾಗ ಕಾರು ಎಲ್ಲೂ ನಿಲ್ಲದೆ ತಲುಪಿದರೆ ನನ್ನಲ್ಲೇ ಉಳಿಯುತ್ತದೆ. ನಿಂತರೆ ಕೀ ಅವನ ಕೈಗೆ!

ಹಬ್ಬದ ಬೆಳಿಗ್ಗೆ ಬಾನೆಟ್ ಎತ್ತಿದೆ. ಪೈಪುಗಳಿಗೆಲ್ಲ ಎಣ್ಣೆಜಿಡ್ಡು ಮೆತ್ತಿತ್ತು. ಅವುಗಳಲ್ಲಿ ಎರಡು ಬಗೆ. ಟರ್ಬೊದ ಗಾಳಿಯನ್ನು ಒತ್ತಿ ತಳ್ಳುವವು ಕೆಲವು, ಗಾಳಿಯನ್ನು ಹೀರುವವು ಕೆಲವು. ಬ್ರೇಕಿಗೆ ಹೋಗುವುದನ್ನು ನಾನು ಮುಟ್ಟಲಿಲ್ಲ, ಅಷ್ಟು ಬುದ್ಧಿ ನನಗೂ ಇದೆ. ಉಳಿದವನ್ನು ಬಿಚ್ಚಿ ಒರೆಸಿ, ಅದಲುಬದಲಾಗದಂತೆ ಗುರುತು ಹಾಕಲು ನೋಡಿದರೆ ಕಪ್ಪು ರಬ್ಬರಿನ ಮೇಲೆ ಪೆನ್ನು ಮೂಡಲಿಲ್ಲ. ಪಕ್ಕದಲ್ಲೇ ಪೂಜೆಯ ತಟ್ಟೆ ಇತ್ತು. ತಳ್ಳುವ ಪೈಪಿಗೂ ಅದು ಕೂರುವ ಮೂತಿಗೂ ಕುಂಕುಮ, ಹೀರುವ ಪೈಪಿಗೂ ಅದರ ಮೂತಿಗೂ ಅರಿಶಿನ ಹಚ್ಚಿದೆ. ವಿಜ್ಞಾನವೂ ಸಂಪ್ರದಾಯವೂ ಇಷ್ಟು ಸಲೀಸಾಗಿ ಕೈಜೋಡಿಸಿದ್ದನ್ನು ಕಂಡು ನನಗೆ ನನ್ನ ಮೇಲೆಯೇ ಗೌರವ ಬಂತು. ಆ ಗೌರವದಲ್ಲೇ ಬಾಳೆಕಂದು, ಬೂದುಗುಂಬಳ ತರಲು ಹೊರಟೆ.

ವಾಪಸು ಬಂದು ನೋಡಿದರೆ ಎಲ್ಲ ಪೈಪುಗಳಿಗೂ ಎಲ್ಲ ಮೂತಿಗಳಿಗೂ ಅರಿಶಿನ, ಕುಂಕುಮ ಎರಡೂ ಬಿದ್ದಿದ್ದವು. ಮೇಲೆ ಒಂದೊಂದು ಸೇವಂತಿಗೆ.

"ಅರ್ಧಂಬರ್ಧ ಪೂಜೆ ಮಾಡಿ ಎದ್ದು ಹೋಗಿದ್ರಿ," ಎಂದಳು ಸುಜಾತ. "ಹಬ್ಬದ ದಿನ ಹಂಗ್ ಬಿಡ್ಬಾರ್ದು ಅಂತ ಪೂರ್ತಿ ಮಾಡ್ದೆ."

ನಾನು ಒಂದೊಂದೇ ಸೇವಂತಿಗೆ ಎತ್ತಿ ಕೆಳಗೆ ನನ್ನ ಗುರುತು ಹುಡುಕಿದೆ. ಅವಳಿಗೆ ಅನುಮಾನ ಬಂತು.

"ಯಾವ್ದು ಎಲ್ಲಿಗೆ ಅಂತ ಗೊತ್ತು ತಾನೆ? ನನ್ ಫೋನಲ್ಲಿ..."

"ನಂಗೊತ್ತು ಬಿಡು. ನಾನು ಪಾಠ ಮಾಡೋದೇ ಅದನ್ನ," ಎಂದೆ.

ಪಾಠದ ಚಿತ್ರದಲ್ಲಿ ಗಾಳಿ ಹೋಗುವ ದಿಕ್ಕಿಗೆ ಬಾಣಗಳಿರುತ್ತವೆ. ಕಾರಿನಲ್ಲಿ ಇರಲಿಲ್ಲ. ಆದರೂ ಯಾವ ಸಣ್ಣ ಪೈಪನ್ನು ಯಾವ ಮೂತಿಗೆ ತೂರಿಸಿದರೂ ಒಳ್ಳೆಯ ಅಳಿಯನಂತೆ ಅಲ್ಲೇ ಕೂರುತ್ತಿತ್ತು. ನನ್ನ ಲೆಕ್ಕ ಸರಿಯಿದೆ ಎನ್ನುವುದಕ್ಕೆ ಇದೇ ಸಾಕ್ಷಿ ಎಂದುಕೊಂಡೆ. ಕೊನೆಗೆ ಟರ್ಬೊದ ದಪ್ಪ ಪೈಪಿನ ಕ್ಲಿಪ್ಪಿಗೆ ಇನ್ನು ಎರಡು ಸುತ್ತು ಬಾಕಿ ಇರುವಾಗ ಸುಜಾತ ಬಂದು ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನೆಲ್ಲ ಎತ್ತಿಕೊಂಡು ಹೋಗಿ ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದಳು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಎರಡು ಸುತ್ತು ತಾನೆ, ಇರಲಿ ಎಂದೆ.

ಗಾಲಿಗೆ ಇಟ್ಟ ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿ ಕಾರು ಗಂಭೀರವಾಗಿ ಹೊರಟಿತು. ಸಮತಟ್ಟು ರಸ್ತೆಯಲ್ಲಿ ಏನೂ ತಕರಾರಿಲ್ಲ, ಸ್ವಲ್ಪ ಎಳೆತ ಕಡಿಮೆ, ಸ್ವಲ್ಪ ಹೊಗೆ ಜಾಸ್ತಿ. ಸ್ವಲ್ಪ ಎಂಬುದು ನನ್ನ ಮಾತು. ಹಿಂದೆ ಬರುತ್ತಿದ್ದ ಬಿಳಿ ಸ್ಕೂಟರಿನವನು ನಮ್ಮನ್ನು ದಾಟುವಷ್ಟರಲ್ಲಿ ಬೂದು ಬಣ್ಣಕ್ಕೆ ತಿರುಗಿದ್ದ. ಕೊಡಿಗೇಹಳ್ಳಿ ಹತ್ತಿರ ಅಂಡರ್‌ಪಾಸಿಗೆ ಇಳಿದೆವು. ಇಳಿದದ್ದು ಚೆನ್ನಾಗಿತ್ತು. ಏರುವಾಗ ಎಕ್ಸಲರೇಟರ್ ಪೂರ್ತಿ ಒತ್ತಿದೆ. ಬಾನೆಟ್ಟಿನೊಳಗೆ ಡಬ್ ಎಂದು ಸದ್ದಾಗಿ, ಬುಸ್ ಎಂದು ಗಾಳಿ ಹೋಗಿ, ಕಾರು ನಿಂತಿತು. ನಮ್ಮ ಹಿಂದೆ ಬಾಳೆಕಂದು ಕಟ್ಟಿಕೊಂಡ ಆಟೊಗಳು, ಲಾರಿಗಳು ಸಾಲಾಗಿ ನಿಂತು ಹಾರನ್ ಹೊಡೆದವು. ದೂರದಿಂದ ನೋಡಿದವರಿಗೆ ಮೆರವಣಿಗೆಯಂತೆ ಕಂಡಿರಬೇಕು.

ಫೋನ್ ಮಾಡಿದ ಕಾಲು ಗಂಟೆಯಲ್ಲಿ ಮುನಿರಾಜು ಹಾರ ಹಾಕಿದ ಗೂಡ್ಸ್ ಗಾಡಿಯಲ್ಲೇ ಬಂದು ನಮ್ಮನ್ನು ಮೇಲಕ್ಕೆ ಎಳೆದುಕೊಂಡು ಹೋಗಿ ಪಕ್ಕಕ್ಕೆ ನಿಲ್ಲಿಸಿದ. ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ.

"ಇದೇನ್ ಬಾವ, ಇಂಜಿನ್‌ಗೆ ಇಂಗೆ ಅರಿಶ್ಣದ ಸಾಸ್ತ್ರ ಮಾಡಿದ್ದೀರಾ?"

ಸುಜಾತ ತನ್ನ ಫೋನ್ ತೆಗೆದು ತಮ್ಮನಿಗೆ ಕೊಟ್ಟಳು. ಪೈಪು ಬಿಚ್ಚುವ ಮೊದಲಿನ ಎಂಜಿನ್ ಫೋಟೊ, ನಾಲ್ಕು ಕಡೆಯಿಂದ. ಹಿಂದೊಮ್ಮೆ ನಾನು ಮಿಕ್ಸಿ ಬಿಚ್ಚಿದಂದಿನಿಂದ, ನನ್ನ ಕೈಯಲ್ಲಿ ಸ್ಪ್ಯಾನರ್ ಕಂಡರೆ ಅವಳು ಮೊದಲು ಫೋಟೊ ತೆಗೆದಿಡುತ್ತಾಳಂತೆ. ಬೆಳಿಗ್ಗೆ ಅವಳು ಹೇಳಲು ಹೊರಟದ್ದು ಅದನ್ನೇ.

ಮುನಿರಾಜು ಫೋಟೊ ನೋಡಿಕೊಂಡು ಸಣ್ಣ ಪೈಪುಗಳನ್ನು ಅವುಗಳ ಸರಿಯಾದ ಮೂತಿಗೆ ಸಿಕ್ಕಿಸಿದ, ಕಳಚಿಕೊಂಡಿದ್ದ ಟರ್ಬೊದ ದಪ್ಪ ಪೈಪನ್ನು ಮತ್ತೆ ಕೂರಿಸಿದ. ಆಮೇಲೆ ನನ್ನ ಕಡೆ ಕೈ ಚಾಚಿದ.

"ಕೀ ಕೊಡಿ ಬಾವ."

ಒಪ್ಪಂದ ಒಪ್ಪಂದವೇ. ಕೊಟ್ಟೆ. ಕಣ್ಣು ತುಂಬಿ ಬಂತು, ಹೊಗೆಯಿಂದ ಎಂದು ಹೇಳಿದೆ. ಅವನು ಕೀ ತುದಿಯನ್ನು ದಪ್ಪ ಪೈಪಿನ ಕ್ಲಿಪ್ಪಿಗೆ ಸಿಕ್ಕಿಸಿ ಬಾಕಿ ಇದ್ದ ಎರಡು ಸುತ್ತು ತಿರುಗಿಸಿದ. ಅವನ ಸ್ಕ್ರೂಡ್ರೈವರೂ ಪೂಜೆಯಲ್ಲಿತ್ತು!

ಕೆಲಸ ಮುಗಿಸಿ ಕೀಯನ್ನು ಅಕ್ಕನ ಕೈಗಿಟ್ಟ. ನಾನು ಗಡಿಬಿಡಿಯಲ್ಲಿ ಒಡೆಯದೆ ಕಾರಿನಲ್ಲೇ ಉಳಿದಿದ್ದ ಬೂದುಗುಂಬಳವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ಸುಜಾತ ಓಡಿಸಿದಳು. ಕಾರು ಹತ್ತು ವರ್ಷ ಚಿಕ್ಕದಾದಂತೆ ಓಡಿ ಕೆಂಪಾಪುರ ತಲುಪಿತು.

ಊಟದ ಹೊತ್ತಿಗೆ ಮುನಿರಾಜು ಗಿರಾಕಿಯ ವಿಷಯ ಎತ್ತಿದ. ನಾನು ಊಟ ಬಿಟ್ಟು ಸುಜಾತಳ ಕಡೆ ನೋಡಿದೆ.

"ಮಾರೋದ್ ಬೇಡ ಬಿಡೋ," ಎಂದಳು ಸುಜಾತ. "ತೊಂದ್ರೆ ಗಾಡೀದಲ್ಲ."

ಮರುದಿನ ವಿಜಯದಶಮಿ. ಬೀದಿಯವರೆಲ್ಲ ಪೂಜೆಗಿಟ್ಟ ಆಯುಧಗಳನ್ನು ಎತ್ತಿಕೊಂಡು ಕೆಲಸಕ್ಕೆ ಹೋದರು. ನನ್ನ ಸ್ಪ್ಯಾನರುಗಳು ಮಾತ್ರ ಇವತ್ತಿಗೂ ದೇವರ ಗೂಡಿನಲ್ಲೇ ಇವೆ. ಸುಜಾತ ದಿನಾ ಬೆಳಿಗ್ಗೆ ತಪ್ಪದೆ ಅವಕ್ಕೊಂದು ಹೂವಿಡುತ್ತಾಳೆ.