ಹಿಂದಿನ ಗಾಲಿಗೆ ಬಣ್ಣ ಹೊಡೆದು ಸೋದರತ್ತೆಯ ಮುನಿಸಿಗೆ ಗುರಿಯಾದ ಕುರಿತು

ಇಂದ,
ಚನ್ನಯ್ಯ, ದ್ವಿತೀಯ ದರ್ಜೆ ಸಹಾಯಕ (ಮನೆಯಲ್ಲಿ ಸದ್ಯ ಯಾವ ದರ್ಜೆಯೂ ಇಲ್ಲ),
ಭೀಮರಾಯನಗುಡಿ ಕ್ಯಾಂಪ್.
ಹಾಲಿ ವಾಸ: ತಮ್ಮ ಮನೆಯ ಹೊರಗಿನ ಕಟ್ಟೆ.

ಗೆ,
ಶ್ರೀಮತಿ ಕಲ್ಯಾಣಮ್ಮನವರು,
ನಿವೃತ್ತ ಕಚೇರಿ ಅಧೀಕ್ಷಕರು ಹಾಗೂ ನನ್ನ ಹೆಂಡತಿ ಗುರುದೇವಿಯ ಸೋದರತ್ತೆ,
ಶಹಾಪುರ.

ವಿಷಯ: ಗುರುದೇವಿಯ ತಮ್ಮ ಚಿ. ಸಂಗಮನಾಥನ ಮದುವೆಗೆ ಬರುವುದಿಲ್ಲವೆಂಬ ತಮ್ಮ ತೀರ್ಮಾನವನ್ನು ಹಿಂಪಡೆಯುವಂತೆ ಕೋರಿ.

ಉಲ್ಲೇಖ: 1. ತಾವು ಮಂಗಳವಾರ ಸುರಪುರದ ನನ್ನ ಮಾವನವರಿಗೆ ಫೋನಿನಲ್ಲಿ ಹೇಳಿದ್ದು.
2. ಇಂದು ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆಯದೆ ಒಳಗಿನಿಂದಲೇ ನೀಡಿದ ಮೌಖಿಕ ಆದೇಶ: “ಏನಿದ್ರೂ ಬರ್ದು ಕೊಡ್ರಿ ಅಳಿಯಾರ. ಬಾಯಿ ಮಾತು ನಾ ಕೇಳಂಗಿಲ್ಲ.”

ಮಾನ್ಯರೇ,

ಉಲ್ಲೇಖ ಎರಡರ ಆದೇಶವನ್ನು ಶಿರಸಾವಹಿಸಿ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರುತ್ತೇನೆ.

1. ನನ್ನ ದ್ವಿಚಕ್ರ ಗಾಡಿಗೆ ಹನ್ನೊಂದು ವರ್ಷ. ರಿಮ್ಮುಗಳಿಗೆ ತುಕ್ಕು ಹಿಡಿದಿತ್ತು. ಕಳೆದ ಸಲ ಸುರಪುರಕ್ಕೆ ಹೋದಾಗ ಗುರುದೇವಿ ತವರಿನ ಓಣಿಯ ತಿರುವಿನಲ್ಲೇ ಇಳಿದು ಮನೆವರೆಗೆ ನಡೆದು ಹೋದರು. ಬೈದಿದ್ದರೆ ಮನಸ್ಸಿಗೆ ಇಷ್ಟು ಹತ್ತುತ್ತಿರಲಿಲ್ಲ. ಆ ಕಾರಣ, ತಮ್ಮನ ಮದುವೆಗಾದರೂ ಆಕೆ ಬಾಗಿಲ ಮುಂದೆ ಇಳಿಯಲೆಂದು ಮನೆಯಲ್ಲೇ ರಿಮ್ಮಿಗೆ ಬಣ್ಣ ಹೊಡೆಯಲು ತೀರ್ಮಾನಿಸಲಾಯಿತು.

2. ಕಳೆದ ಭಾನುವಾರ ಗುರುದೇವಿ ಸಂತೆಗೆ ಹೋದ ಸಮಯ ನೋಡಿ ಕಾಮಗಾರಿ ಆರಂಭವಾಯಿತು. ಹಿಂದಿನ ಗಾಲಿಯನ್ನು ಸೀಮೆಎಣ್ಣೆಯಿಂದ ಒರೆಸಿ, ಪಾಲಿಶ್ ಪೇಪರಿನಿಂದ ತಿಕ್ಕಿ, ಸೋಪಿನ ನೀರಿನಿಂದ ತೊಳೆದು ಒಣಗಿಸಲಾಯಿತು. ಟೈರಿಗೆ ಬಣ್ಣ ತಾಗಬಾರದೆಂದು ರಿಮ್ಮಿಗೂ ಟೈರಿಗೂ ನಡುವೆ ಸುತ್ತಲೂ ಇಸ್ಪೀಟು ಎಲೆ ಸಿಕ್ಕಿಸಬೇಕೆಂದು ಮೊಬೈಲಿನ ವಿಡಿಯೋದಲ್ಲಿ ಹೇಳಿದ್ದರು. ಇಸ್ಪೀಟನ್ನು ಗುರುದೇವಿ ಹೊಸ್ತಿಲು ದಾಟಲು ಬಿಡುವುದಿಲ್ಲ. ಆದ್ದರಿಂದ ಕಪಾಟಿನ ಮೇಲಿದ್ದ ಲಗ್ನಪತ್ರಿಕೆಗಳ ಕಟ್ಟಿನಿಂದ ಇಪ್ಪತ್ತನ್ನು ತೆಗೆದು ಸುತ್ತಲೂ ಸಿಕ್ಕಿಸಿ, ಸ್ಪ್ರೇ ಡಬ್ಬಿಯಿಂದ ಬೆಳ್ಳಿ ಬಣ್ಣ ಹೊಡೆದೆ.

3. ಆ ಪತ್ರಿಕೆಗಳ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿತ್ತು. ನಮ್ಮ ಮನೆಗೆ ಬರುವ ಪತ್ರಿಕೆಗಳೆಲ್ಲ ಅರಿಶಿನ ಹಚ್ಚಿಕೊಂಡೇ ಬರುತ್ತವೆ. ಆದಕಾರಣ ಇವು ಯಾರದೋ ಮುಗಿದುಹೋದ ಮದುವೆಯವು, ರದ್ದಿ ಎಂದು ಭಾವಿಸಿದೆ. ತೆರೆದು ಓದಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಕಡತಗಳನ್ನು ಓದದೆಯೇ ಮುಂದಿನ ಮೇಜಿಗೆ ಕಳಿಸಿದ ಅನುಭವ ಇದಕ್ಕೆ ಕಾರಣ.

4. ಸಂತೆಯಿಂದ ಬಂದ ಗುರುದೇವಿ ಚೀಲ ಕೆಳಗಿಡದೆ ಗಾಲಿಯ ಮುಂದೆ ಕುಳಿತು ಒಂದು ಪತ್ರಿಕೆ ಎಳೆದು ಓದಿದರು. ಒಳಗೆ ಚಿ. ಸಂಗಮನಾಥನ ಹೆಸರಿತ್ತು. ಈ ಕಡೆಯ ಬಂಧುಗಳಿಗೆ ನಾವಿಬ್ಬರೂ ಹಂಚಲೆಂದು ಮಾವನವರು ಕಳಿಸಿದ್ದ ನಲವತ್ತು ಪತ್ರಿಕೆಗಳಿಗೆ ಆಕೆ ಹಿಂದಿನ ದಿನವೇ ಅರಿಶಿನ ಹಚ್ಚಿಟ್ಟಿದ್ದರಂತೆ. ಕಾಮಗಾರಿ ಅಲ್ಲಿಗೆ ಸ್ಥಗಿತಗೊಂಡಿತು.

5. ಇಪ್ಪತ್ತು ಪತ್ರಿಕೆಗಳ ಒಂದು ಬದಿಗೆ ಬೆರಳಗಲ ಬೆಳ್ಳಿ ಬಣ್ಣ ಕೂತಿತ್ತು. ಮತ್ತೆ ಅಚ್ಚು ಹಾಕಿಸಲು ಸಮಯವಿರಲಿಲ್ಲ. ಬಣ್ಣ ಹತ್ತಿದ್ದು ಖರೆ ಎಂದು ಹೇಳಿಯೇ ಕೊಟ್ಟು ಬರಬೇಕೆಂದು ಗುರುದೇವಿಯ ಸ್ಪಷ್ಟ ನಿರ್ದೇಶನವಿತ್ತು. ಹತ್ತಿರದವರಿಗೆ ಸ್ವಚ್ಛವಾದವು, ದೂರದವರಿಗೆ ಬಣ್ಣದವು ಎಂದು ನಾನೇ ವಿಂಗಡಿಸಿದೆ. ಸ್ವಚ್ಛವಾದವುಗಳಲ್ಲೂ ಅತಿ ಸ್ವಚ್ಛವಾದುದನ್ನು ಹುಡುಕಿ ತಮ್ಮ ಕೈಗೆ ಕೊಟ್ಟೆ. ಇದನ್ನು ದಯವಿಟ್ಟು ಎರಡು ಸಲ ಓದಬೇಕು.

6. ರಾಮಸಮುದ್ರದ ಗುರಣ್ಣನವರು ನಮಗೆ ಎಷ್ಟು ದೂರದ ಸಂಬಂಧವೆಂಬುದು ಅವರಿಗೂ ಸರಿಯಾಗಿ ಗೊತ್ತಿಲ್ಲ. ಪತ್ರಿಕೆಯನ್ನು ಬಿಸಿಲಿಗೆ ಹಿಡಿದು ನೋಡಿ, “ಬೆಳ್ಳಿ ಅಂಚಿಂದು ಎಲ್ಲಾರಿಗೂ ಕೊಟ್ಟೀರೋ, ಬರೇ ನಮಗೋ?” ಎಂದು ಕೇಳಿದರು. ಗಾಲಿಯ ಕಥೆ ಹೇಳಲು ನಾಚಿಕೆಯಾಯಿತು. “ಖಾಸ್ ಮಂದಿಗಷ್ಟೇ ರೀ” ಅಂದುಬಿಟ್ಟೆ. ಅವರು ಅಂದು ಸಂಜೆಯೊಳಗೆ ಯಾದಗಿರಿಯಿಂದ ಸುರಪುರದವರೆಗೆ ಇಡೀ ಬಳಗಕ್ಕೆ ಫೋನ್ ಮಾಡಿ ತಿಳಿಸಿದರು. ಅಂಚಿಲ್ಲದ ಪತ್ರಿಕೆ ಸಿಕ್ಕವರೆಲ್ಲ ಕಪಾಟು ತೆಗೆದು ನೋಡಿದರು. ತಾವೂ ನೋಡಿದಿರಿ.

ಮಾನ್ಯರೇ, ನಾಳೆ ಶನಿವಾರ ಅರಿಶಿನದ ಕಾರ್ಯ. ಮೊದಲ ಆರತಿ ಸೋದರತ್ತೆಯದೇ ಆಗಬೇಕೆಂದು ವರನು ಹಟ ಹಿಡಿದಿದ್ದಾನೆ. ಮಂಗಳವಾರವೇ ತವರಿಗೆ ಹೊರಟ ಗುರುದೇವಿ ನನಗೆ ಹೇಳಿದ್ದು ಇಷ್ಟು: “ಅತ್ತೀನ ಕರ್ಕೊಂಡು ಬರ್ರಿ. ಇಲ್ಲಂದ್ರ ಗಾಲಿ ನೋಡ್ಕೋತ ಮನ್ಯಾಗ ಕೂಡ್ರಿ.” ತನ್ನ ಗಂಡನಿಲ್ಲದೆ ಮದುವೆ ನಡೆಯುತ್ತದೆ, ಸೋದರತ್ತೆಯಿಲ್ಲದೆ ನಡೆಯುವುದಿಲ್ಲ ಎಂಬುದು ಆಕೆಯ ಅಭಿಪ್ರಾಯ. ಇದಕ್ಕೆ ನನ್ನ ಆಕ್ಷೇಪಣೆ ಇರುವುದಿಲ್ಲ. ಆದರೆ ಮೂರು ದಿನಗಳಿಂದ ನಾನೊಬ್ಬನೇ ಉಂಡು ಮಲಗುತ್ತಿದ್ದೇನೆ, ಮನೆ ಬಿಕೋ ಅನ್ನುತ್ತಿದೆ.

ಆದ್ದರಿಂದ ಅವಮಾನ ತಮಗೆ ಆಗಿಲ್ಲವೆಂದೂ, ಆಗಬೇಕಾದದ್ದು ಗುರಣ್ಣನವರಿಗೆಂದೂ ಪರಿಗಣಿಸಿ, ನಾಳೆ ಬೆಳಿಗ್ಗೆ ಏಳು ಗಂಟೆಗೆ ನನ್ನೊಂದಿಗೆ ಸುರಪುರಕ್ಕೆ ಹೊರಡಬೇಕಾಗಿ ಪ್ರಾರ್ಥನೆ. ಗುರಣ್ಣನವರಿಗೆ ಈ ಅರ್ಜಿಯ ಪ್ರತಿ ಕಳಿಸಿರುವುದಿಲ್ಲ.

ತಮ್ಮ ವಿಶ್ವಾಸಿ ಹಾಗೂ ತಪ್ಪಿತಸ್ಥ ಅಳಿಯ,
ಚನ್ನಯ್ಯ

ಲಗತ್ತುಗಳು:
1. ಬೆಳ್ಳಿ ಅಂಚಿನ ಪತ್ರಿಕೆ, ಒಂದು. ಉಗುರಿನಿಂದ ಕೆರೆದು ಪರೀಕ್ಷಿಸಬಹುದು.
2. ಸ್ಪ್ರೇ ಡಬ್ಬಿ, ಅರ್ಧ ಖಾಲಿ.
3. ಗಾಡಿ. ತಮ್ಮ ಕಿಟಕಿಯ ಎದುರು ನಿಲ್ಲಿಸಿದೆ. ಹಿಂದಿನ ಗಾಲಿ ಹೊಳೆಯುತ್ತದೆ, ಮುಂದಿನದು ಹಾಗೇ ಇದೆ.

ವಿ.ಸೂ.: ಇದನ್ನು ಬರೆದು ಮುಗಿಸುವಾಗ ಗುರುದೇವಿ ಫೋನ್ ಮಾಡಿದರು. ಮಂಗಳವಾರದ ನಂತರ ಇದೇ ಮೊದಲ ಸಲ. “ಅತ್ತಿ ಏನಂದ್ರು?” ಎಂದಷ್ಟೇ ಕೇಳಿದರು. ಫೋನ್ ಇಟ್ಟಿಲ್ಲ, ಆ ಕಡೆ ಕಾಯುತ್ತಿದ್ದಾರೆ. ಅರ್ಜಿಯನ್ನು ಕಿಟಕಿಯಿಂದ ಒಳಗೆ ಹಾಕಿ ಫೋನನ್ನೂ ಅಲ್ಲೇ ಹಿಡಿದು ನಿಂತಿರುತ್ತೇನೆ. ತಾವು ನನ್ನೊಂದಿಗೆ ಮಾತಾಡಬೇಕಾಗಿಲ್ಲ. ಆಕೆಗೆ ಕೇಳಿಸುವಂತೆ ಒಂದು ಹೂಂ ಅನ್ನಬೇಕಾಗಿ ವಿನಂತಿ.