ಅತ್ತೆಯ ಕೋಣೆಯಲ್ಲಿ ವೈನು

ಬಿಸಿನೀರಿನ ಕೊಳವೆ ಆ ಮನೆಯಲ್ಲಿ ಎಲ್ಲಿ ಬೇಕಾದರೂ ಹಾದುಹೋಗಬಹುದಿತ್ತು. ಅಡುಗೆಮನೆಯಿತ್ತು, ನಡುಮನೆಯಿತ್ತು, ಯಾರಿಗೂ ಬೇಡವಾದ ಮೆಟ್ಟಿಲ ಕೆಳಗಿನ ಗೂಡಿತ್ತು. ಅದೆಲ್ಲ ಬಿಟ್ಟು ಅತ್ತೆ ಮಲಗುವ ಕೋಣೆಯ ಗೋಡೆಯೊಳಗೇ ಅದನ್ನು ತೂರಿಸಬೇಕೆಂದು ಮನೆ ಕಟ್ಟಿದವನಿಗೆ ಯಾಕೆ ಹೊಳೆಯಿತೋ. ಹೊಳೆಯದೆ ಹೋಗಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ ಎಂದು ಮೇಷ್ಟ್ರು ಇವತ್ತಿಗೂ ಹಲುಬುತ್ತಾರೆ. ತಪ್ಪು ಕೊಳವೆಯದಲ್ಲ ಎಂಬುದು ಅವರಿಗೂ ಗೊತ್ತು.

ಮೇಷ್ಟ್ರೆಂದರೆ ಕಾರು ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯಲ್ಲಿರುವ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟು ಅರ್ಧ ಆಯುಷ್ಯ ಕಳೆದವರು. ಯಾವುದನ್ನೂ ಅದರ ಪಾಡಿಗೆ ಹೋಗಲು ಬಿಟ್ಟು ಅವರಿಗೆ ಅಭ್ಯಾಸವಿಲ್ಲ. (ಹೆಂಡತಿ ಹಾಲು ಕಾಯಿಸುವಾಗಲೂ ಅವರ ಬಲಗಾಲು ನೆಲವನ್ನು ಒತ್ತುತ್ತಿರುತ್ತದೆ.) ಇನ್ನು ಹೊಸಬರು "ಸಾರ್, ಕ್ಲಚ್ ಈಗ ಬಿಡ್ಲಾ? ಈಗ ಬಿಡ್ಲಾ?" ಎಂದು ಪ್ರಶ್ನೆ ಕೇಳಿದರಂತೂ ಮೈಯೆಲ್ಲ ಉರಿ.

ಪರೀಕ್ಷೆಯಲ್ಲಿ ಡುಮ್ಕಿಯ ಮೇಲೆ ಡುಮ್ಕಿ ಹೊಡೆದು ಕೊನೆಗೂ ಲೈಸೆನ್ಸ್ ಪಡೆದ ಹೆಂಗಸೊಬ್ಬರು ಕೃತಜ್ಞತಾಪೂರ್ವಕವಾಗಿ ಒಂದು ಪೆಟ್ಟಿಗೆ ಕೊಟ್ಟುಹೋದರು. ಮನೆಯಲ್ಲೇ ವೈನ್ ಮಾಡುವ ಕಿಟ್. ಒಳಗೆ ದೊಡ್ಡ ಗಾಜಿನ ಜಾಡಿ, ಚೀಲದ ತುಂಬ ಗಟ್ಟಿ ದ್ರಾಕ್ಷಿ ರಸ, ಈಸ್ಟಿನ ಪೊಟ್ಟಣ, ರಬ್ಬರು ಕೊಳವೆ, ಜಾಡಿಯ ಮುಚ್ಚಳಕ್ಕೆ ಸಿಕ್ಕಿಸುವ ಒಂದು ಡೊಂಕು ನಳಿಗೆ. ನಳಿಗೆಯಲ್ಲಿ ನೀರು ತುಂಬಿಟ್ಟರೆ ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಮೇಷ್ಟ್ರು ಅದಕ್ಕೆ ಗಾಳಿಬೀಗ ಎಂದು ನಾಮಕರಣ ಮಾಡಿದರು.

ಹೆಂಡತಿಗೆ ಅಂಚೆ ಕಚೇರಿಯಲ್ಲಿ ಬಡ್ತಿ ಸಿಕ್ಕಿತ್ತು. ಅವಳ ಕಚೇರಿಯವರನ್ನೆಲ್ಲ ಊಟಕ್ಕೆ ಕರೆಯುವುದೆಂದು ಆಗಲೇ ಮಾತಾಗಿತ್ತು.

"ಅವತ್ತು ನನ್ನ ಕೈಯ ವೈನೇ ಎಲ್ಲರಿಗೂ" ಎಂದು ಮೇಷ್ಟ್ರು ಘೋಷಿಸಿದರು.

"ಕಾಫಿಗೆ ನೀರು ಕುದಿಸೋಕೆ ಬರಲ್ಲ, ವೈನ್ ಮಾಡ್ತಾರಂತೆ."

"ಅದರಲ್ಲೇನಿದೆ? ಸುರಿಯೋದು, ಮುಚ್ಚೋದು, ಕಾಯೋದು."

"ಆ ಕೊನೇದು ನಿಮ್ಮಿಂದ ಆಗಲ್ಲ ರೀ" ಎಂದಳು ಹೆಂಡತಿ.

ಜಾಡಿ ಬೆಚ್ಚಗಿನ ಜಾಗದಲ್ಲಿರಬೇಕು ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಕೊಳವೆಯ ದೆಸೆಯಿಂದ ಮನೆಯಲ್ಲಿ ಬೆಚ್ಚಗಿದ್ದದ್ದು ಅತ್ತೆಯ ಕೋಣೆ ಒಂದೇ. ಮಾವ ತೀರಿಕೊಂಡ ಮೇಲೆ ಅತ್ತೆ ಮಗಳ ಮನೆಗೆ ಬಂದಿದ್ದರು. ಬಂದಾಗಿನಿಂದ ಮಾತು ಕಡಿಮೆ, ನಿದ್ದೆ ಅದಕ್ಕಿಂತ ಕಡಿಮೆ. ಬೆಳಿಗ್ಗೆ ಯಾರೇ ಎದ್ದು ನೋಡಿದರೂ ಅವರು ಮಂಚದ ಅಂಚಿನಲ್ಲಿ ಕೂತೇ ಇರುತ್ತಿದ್ದರು. ಮೇಷ್ಟ್ರಿಗೆ ಅತ್ತೆಯೆಂದರೆ ಭಯ. ಜಾಡಿಯನ್ನು ತಬ್ಬಿಕೊಂಡು ಬಾಗಿಲಲ್ಲಿ ನಿಂತು, "ಹಣ್ಣಿನ ರಸ ಅತ್ತೆ. ಸ್ವಲ್ಪ ದಿನ ಇಲ್ಲಿ ವಿಶ್ರಾಂತಿ ತಗೊಳ್ಳುತ್ತೆ" ಎಂದರು.

ಅತ್ತೆ ಜಾಡಿಯನ್ನು ನೋಡಿದರು, ಅಳಿಯನನ್ನು ನೋಡಿದರು. "ಆಮೇಲೆ ಕುಡಿದವರಿಗೂ ವಿಶ್ರಾಂತಿ ಸಿಗೋ ಅಂಥ ರಸವೋ?"

ಮೇಷ್ಟ್ರು ಕೆಮ್ಮಿದರು. ಅತ್ತೆ ಕಾಲು ಮೇಲಕ್ಕೆ ಎಳೆದುಕೊಂಡು ಮಂಚದ ಪಕ್ಕ ಜಾಗ ತೋರಿಸಿದರು.

ಅಲ್ಲಿಂದ ಕಿಟ್ ಅಂಗಡಿಯವನ ಗ್ರಹಚಾರ ಶುರುವಾಯಿತು. ಅವನ ಫೋನ್ ನಂಬರು ಪೆಟ್ಟಿಗೆಯ ಮೇಲೇ ಇತ್ತು, ಪಾಪ.

"ಈಸ್ಟ್ ಉದುರಿಸಿ ಕಲಕಬೇಕಾ, ಹಾಗೇ ಬಿಡಬೇಕಾ?"

"ಹಾಗೇ ಬಿಡಿ ಸಾರ್."

"ಗುಳ್ಳೆ ಬರ್ತಿಲ್ಲ. ಸತ್ತುಹೋಯ್ತಾ ಅಂತ."

"ಹಾಕಿ ಎಷ್ಟು ಹೊತ್ತಾಯ್ತು?"

"ಊಟ ಆದಮೇಲೆ ಹಾಕಿದ್ದು."

"ಯಾವತ್ತಿನ ಊಟ?"

"ಇವತ್ತಿಂದೇ. ಕೈ ಇನ್ನೂ ಒಣಗಿಲ್ಲ."

ಆ ಕಡೆಯಿಂದ ದೀರ್ಘವಾದ ಉಸಿರು ಕೇಳಿಸಿತು. "ಅದರ ಪಾಡಿಗೆ ಬಿಡಿ ಸಾರ್."

ಬಿಡುವುದುಂಟೇ? ನೊರೆ ಬಂದರೆ ಫೋನು, ನೊರೆ ಇಳಿದರೆ ಫೋನು. ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆಯೆಂದು ಫೋನು. (ಅದು ಮೇಷ್ಟ್ರ ಕಾಲುಚೀಲದ್ದೆಂದು ಹೆಂಡತಿಯ ವಾದ.) ಜಾಡಿಯ ತಳದಲ್ಲಿ ಕೆಸರಿನಂಥದ್ದು ಕೂತಿದೆ, ವಿಷವೋ ಏನೋ ಎಂದು ಕಾರು ಕಲಿಸುತ್ತಲೇ ಫೋನು. ಎಲ್ಲ ಪ್ರಶ್ನೆಗೂ ಅಂಗಡಿಯವನದು ಒಂದೇ ಉತ್ತರ: ಮುಚ್ಚಳ ತೆಗೀಬೇಡಿ, ಬಿಡಿ.

ಒಂದು ಬೆಳಿಗ್ಗೆ ಅತ್ತೆಯ ಕೋಣೆಯ ಬಾಗಿಲು ತೆರೆಯಲೇ ಇಲ್ಲ. ಬಿಸಿಲು ಏರಿದರೂ ಸದ್ದಿಲ್ಲ. ಹೆಂಡತಿ ಗಾಬರಿಯಲ್ಲಿ ಬಾಗಿಲು ತಳ್ಳಿದಳು, ಹಿಂದೆ ಮೇಷ್ಟ್ರು. ಒಳಗೆ ಅತ್ತೆ ಹೊದಿಕೆ ಎಳೆದುಕೊಂಡು ಗಾಢ ನಿದ್ದೆಯಲ್ಲಿದ್ದರು. ಪಕ್ಕದಲ್ಲಿ ಜಾಡಿ ನಿಧಾನವಾಗಿ, ಗತ್ತಿನಿಂದ, ಬುಳುಕ್ ಎನ್ನುತ್ತಿತ್ತು. ಸ್ವಲ್ಪ ಬಿಟ್ಟು ಇನ್ನೊಮ್ಮೆ, ಬುಳುಕ್.

ಎದ್ದ ಮೇಲೆ ಅತ್ತೆ ಸಂಕೋಚದಿಂದ ಹೇಳಿದರು. "ನಿಮ್ಮ ಮಾವ ನಿದ್ದೇಲಿ ಹೀಗೇ ತುಟಿ ಬಿಟ್ಟು ಉಸಿರು ಬಿಡೋರು. ಆಗೆಲ್ಲ ಬೈತಿದ್ದೆ."

ಆಮೇಲೆ ಅತ್ತೆಗೆ ಮಾತು ಬಂತು. ಮೇಷ್ಟ್ರು ಕೆಲಸದಿಂದ ಬರುವಷ್ಟರಲ್ಲಿ ಅವರ ಪ್ರಶ್ನೆಗಳು ಸಿದ್ಧವಾಗಿರುತ್ತಿದ್ದವು. ಅದಕ್ಕೆ ಚಳಿಯಾಗುತ್ತಾ? ಮಧ್ಯಾಹ್ನ ಸ್ವಲ್ಪ ಜೋರಾಗುತ್ತಲ್ಲ, ಯಾಕೆ? ಮೇಷ್ಟ್ರು ಅವನ್ನೆಲ್ಲ ಅಂಗಡಿಯವನಿಗೆ ತಲುಪಿಸುತ್ತಿದ್ದರು. ಡೊಂಕು ನಳಿಗೆಗೆ ಗಾಳಿಬೀಗ ಎಂದು ಹೆಸರೆಂದಾಗ ಅತ್ತೆ ನಕ್ಕರು. "ಹೊರಗಿಂದು ಒಳಗೆ ತರದ ಬೀಗರನ್ನ ನಾನು ಇದೇ ಮೊದಲು ನೋಡ್ತಿರೋದು." ಅಮ್ಮ ನಕ್ಕದ್ದನ್ನು ಕೇಳಿ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು.

ದಿನ ಕಳೆದಂತೆ ಗುಳ್ಳೆಗಳು ವಿರಳವಾದವು. ಇದು ಮುಗಿಯುವ ಲಕ್ಷಣ, ಪೂರ್ತಿ ನಿಂತ ಮೇಲೆ ತಳದ ಗಷ್ಟು ಬಿಟ್ಟು ತಿಳಿಯನ್ನು ಬೇರೆ ಜಾಡಿಗೆ ಬಗ್ಗಿಸಿ ಎಂದು ಅಂಗಡಿಯವನು ಹೇಳಿದ್ದ. ಊಟದ ದಿನ ಹತ್ತಿರ ಬರುತ್ತಿತ್ತು. ಮೇಷ್ಟ್ರು ಬೆಳಿಗ್ಗೆ ಸಂಜೆ ಜಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂರತೊಡಗಿದರು.

"ಇನ್ನೂ ಉಸಿರಿದೆ" ಎನ್ನುತ್ತಿದ್ದರು ಅತ್ತೆ.

ಅತ್ತೆಯನ್ನು ಮಗಳು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದ ದಿನ ಮೇಷ್ಟ್ರ ಬಲಗಾಲು ತಡೆಯಲಿಲ್ಲ. ರಬ್ಬರು ಕೊಳವೆ ಇಳಿಬಿಟ್ಟು, ಬಾಯಿಂದ ಎಳೆದು, ತಿಳಿಯನ್ನೆಲ್ಲ ಬೇರೆ ಜಾಡಿಗೆ ಇಳಿಸಿ ಅಡುಗೆಮನೆಯಲ್ಲಿಟ್ಟರು. ಗಷ್ಟನ್ನು ಬಚ್ಚಲಿಗೆ ಸುರಿದರು. ಕೋಣೆ ಒರೆಸಿ, ಬಹಳ ಅಚ್ಚುಕಟ್ಟಾದ ಕೆಲಸವೆಂದು ತಮ್ಮನ್ನು ತಾವೇ ಮೆಚ್ಚಿಕೊಂಡರು.

ಅತ್ತೆ ಬಂದು ಮಂಚದ ಪಕ್ಕದ ಖಾಲಿ ನೆಲ ನೋಡಿದರು. ದವಡೆ ಊದಿತ್ತು.

"ಆಯ್ತಾ?" ಎಂದರು, ಅಷ್ಟೇ. ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಬೈದಿದ್ದರೆ ಮೇಷ್ಟ್ರಿಗೆ ಸಮಾಧಾನವಾಗುತ್ತಿತ್ತು. ಬೈಯುವ ಕೆಲಸವನ್ನು ಹೆಂಡತಿ ವಹಿಸಿಕೊಂಡಳು. "ಗೊತ್ತಿಲ್ಲದ ಅಂಗಡಿಯವನನ್ನ ದಿನಾ ಕೇಳ್ತೀರಿ. ಒಳಗೆ ಮಲಗೋ ಅಮ್ಮನ್ನ ಒಂದು ಮಾತು ಕೇಳೋಕೆ ಆಗ್ಲಿಲ್ವಾ?"

ಮರುದಿನದಿಂದ ಅತ್ತೆ ಮತ್ತೆ ಮಂಚದ ಅಂಚಿಗೆ ಬಂದರು. ಮೇಷ್ಟ್ರಿಗೆ ಅನ್ನ ಇಳಿಯಲಿಲ್ಲ. ಅಡುಗೆಮನೆಯಲ್ಲಿದ್ದ ಹೊಸ ಜಾಡಿಯನ್ನು ತಂದು ಅದೇ ಜಾಗದಲ್ಲಿಟ್ಟರು. ಅದು ತುಟಿ ಪಿಟಕ್ಕೆನ್ನಲಿಲ್ಲ. ಸಕ್ಕರೆ ಹಾಕಿದರು, ಅಲುಗಿಸಿದರು. ಕೊನೆಗೆ ಅಲಂಕಾರದ ಮೀನು ಮಾರುವ ಅಂಗಡಿಗೆ ಹೋಗಿ, ತೊಟ್ಟಿಯಲ್ಲಿ ಗುಳ್ಳೆ ಎಬ್ಬಿಸುವ ಪಂಪು ಕೊಡಿ ಎಂದರು.

"ಮೀನು ಎಷ್ಟಿವೆ ಸಾರ್?"

"ಮೀನಿಲ್ಲ. ಅತ್ತೆ ಇದಾರೆ."

ಪಂಪಿನ ನಳಿಗೆ ಜಾಡಿಯೊಳಗೆ ಇಳಿಯಿತು. ಬುಳಬುಳಬುಳ ಎಂದು ಸಂತೆ ನೆರೆದಂತೆ ಸದ್ದು ಶುರುವಾಯಿತು. ಅತ್ತೆ ಏನೂ ಹೇಳಲಿಲ್ಲ. ಮೇಷ್ಟ್ರು ಅದನ್ನು ಒಪ್ಪಿಗೆಯೆಂದೇ ತಿಳಿದು, ಊಟದ ದಿನದವರೆಗೂ ಪಂಪನ್ನು ಓಡಿಸಿದರು.

ಊಟದ ದಿನ ಮೇಷ್ಟ್ರು ಕೈಯಾರೆ ಲೋಟ ತುಂಬಿಸಿದರು. ಹೆಂಡತಿಯ ಮೇಲಧಿಕಾರಿ ಮೊದಲ ಗುಟುಕಿಗೇ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಲ್ಲಿ ನೀರು ತುಂಬಿಕೊಂಡು, "ಚುರುಕಾಗಿದೆ" ಎಂದರು. ಉಳಿದವರು ಅಷ್ಟು ಸುಸಂಸ್ಕೃತರಾಗಿರಲಿಲ್ಲ.

ಮೇಷ್ಟ್ರು ಹಿತ್ತಿಲಿಗೆ ಹೋಗಿ ಫೋನ್ ಮಾಡಿದರು. ಅಂಗಡಿಯವನು ಎಲ್ಲ ಕೇಳಿ, "ದಿನಗಟ್ಟಲೆ ಗಾಳಿ ಊದಿದ್ರಾ ಸಾರ್? ಅದು ವಿನೆಗರ್ ಆಗಿದೆ. ನಲ್ಲಿಯ ಕಲೆ ಚೆನ್ನಾಗಿ ಹೋಗುತ್ತೆ" ಎಂದು ಬಹಳ ಮರುಕದಿಂದ ಹೇಳಿದ.

ಬೆಳಗಾದ ಮೇಲೆ ಮೇಷ್ಟ್ರು ಅತ್ತೆಯ ಬಾಗಿಲ ಬಳಿ ನೆಲದ ಮೇಲೆ ಕೂತರು. "ನಿಮ್ಮನ್ನ ಕೇಳಬೇಕಿತ್ತು ಅತ್ತೆ."

"ಕೇಳಬೇಕಿತ್ತು."

"ಕೇಳಿದ್ರೆ ಏನಂತಿದ್ರಿ?"

ಅತ್ತೆ ಸೆರಗಿನ ಅಂಚನ್ನು ಸರಿಮಾಡಿಕೊಂಡರು. "ಇನ್ನು ಸ್ವಲ್ಪ ದಿನ ಇರಲಿ ಅಂತಿದ್ದೆ. ನಿಮ್ಮ ಮಾವ ಹೋಗೋವಾಗ ನಾನು ಪಕ್ಕದ ಮನೇಲಿ ಮಾತಾಡ್ತಾ ಕೂತಿದ್ದೆ. ಇದಾದ್ರೂ ತಾನಾಗಿ ನಿಲ್ಲೋವರೆಗೆ ಹತ್ತಿರ ಇರೋಣ ಅಂದ್ಕೊಂಡಿದ್ದೆ."

"ಮತ್ತೆ ಆ ಪಂಪು?"

"ಅದು ಬೇರೆ ಯಾರೋ, ಅಳಿಯಂದಿರೇ. ನೀವು ಅಷ್ಟು ಕಷ್ಟಪಟ್ಟಿರಲ್ಲ ಅಂತ ಸುಮ್ಮನಿದ್ದೆ. ತಲೆನೋವು ಬಂತು."

ಅಂದೇ ಮೇಷ್ಟ್ರು ಹೋಗಿ ಇನ್ನೊಂದು ಕಿಟ್ ತಂದರು. ಈ ಸಲ ರಸ ಸುರಿದವರು, ಈಸ್ಟ್ ಉದುರಿಸಿದವರು ಅತ್ತೆ. ಅಳಿಯ ನೀರು ಹೊತ್ತು ತಂದು ಬಾಗಿಲಲ್ಲಿ ಇಟ್ಟದ್ದಷ್ಟೇ. ಗುಳ್ಳೆ ಬಂದ ಮೇಲೆ ಅತ್ತೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತರು.

"ಇದರ ಉಸಿರು ಚುರುಕು. ಅದು ನಿಧಾನ ಇತ್ತು, ಥೇಟ್ ಅವರ ಹಾಗೆ" ಎಂದರು. ಆಮೇಲೆ, "ಇರಲಿ ಬಿಡಿ."

ಆ 'ಇರಲಿ ಬಿಡಿ' ಮೇಷ್ಟ್ರ ಎದೆಯಲ್ಲಿ ಈಗಲೂ ಚುಚ್ಚುತ್ತದೆ. ಅತ್ತೆ ಮಾತ್ರ ಈಗ ಮಲಗುತ್ತಾರೆ. ಹಗಲು ಹೊತ್ತಿನಲ್ಲಿ ಅಂಗಡಿಯವನ ಜೊತೆ ಫೋನಿನಲ್ಲಿ ಹುದುಗಿನ ವಿಚಾರವಾಗಿ ಗಹನವಾದ ಸಮಾಲೋಚನೆ ನಡೆಸುತ್ತಾರೆ.

ಮೊನ್ನೆ ಫೋನು ಬಡಿದುಕೊಂಡಾಗ ಮೇಷ್ಟ್ರೇ ಎತ್ತಿದರು. ಅವರ ದನಿ ಕೇಳಿದ್ದೇ ಅಂಗಡಿಯವನು ಅವಸರವಸರವಾಗಿ, "ಅಮ್ಮಾವ್ರಿಗೆ ಕೊಡಿ ಸಾರ್" ಎಂದ. ಮೇಷ್ಟ್ರು ಹೊಸ್ತಿಲ ಈಚೆಯೇ ನಿಂತು ಕೈ ಚಾಚಿ ಫೋನು ಕೊಟ್ಟರು. ಅತ್ತೆ ಅದನ್ನು ಕಿವಿಗಿಟ್ಟುಕೊಂಡು, ಅಳಿಯನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಇಲ್ಲಪ್ಪ, ಭಯಪಡಬೇಡ. ಒಳಗೆ ಬಿಟ್ಟಿಲ್ಲ."